ಹೆತ್ತವರಿದ್ದೂ ಅನಾಥರು

ವಾರ, ಹತ್ತು ದಿನಗಳ ಸೇವಾಯಾತ್ರೆಗೆಂದು ಪಾಶ್ಚಾತ್ಯ ಚರ್ಚ್‌ಗಳ ಯುವಜನರು ಕಾಂಬೋಡಿಯಾದ ಅನಾಥಾಲಯಗಳಿಗೆ ತೆರಳುತ್ತಾರೆ. ಅವರ ಕರುಣೆಯನ್ನು ಶಂಕಿಸಬೇಕಿಲ್ಲ. ಅದರ ಪರಿಣಾಮವನ್ನು ಮಾತ್ರ ಪ್ರಶ್ನಿಸಲೇಬೇಕು.

ಅಲ್ಲಿನ ಅಂತರ್ಯುದ್ಧ 1990ರ ದಶಕದ ಅಂತ್ಯಕ್ಕೇ ಮುಗಿದಿತ್ತು. ಆದರೂ 2005ರಲ್ಲಿ 154 ಇದ್ದ ಅನಾಥಾಲಯಗಳು 2010ರ ವೇಳೆಗೆ 269ಕ್ಕೇರಿದವು. ಯುನಿಸೆಫ್ ಪ್ರಕಾರ, ಅಲ್ಲಿದ್ದ ಪ್ರತಿ ನಾಲ್ವರು ಮಕ್ಕಳಲ್ಲಿ ಸುಮಾರು ಮೂವರಿಗೆ ತಂದೆ ಅಥವಾ ತಾಯಿ ಇದ್ದರು. ಊಟ, ಶಾಲೆ ಸಿಕ್ಕೀತೆಂಬ ಆಸೆಯಿಂದ ಬಡ ಹೆತ್ತವರೇ ಮಕ್ಕಳನ್ನು ಒಪ್ಪಿಸಿದ್ದರು. ವಿದೇಶಿ ದೇಣಿಗೆ ಈ ವ್ಯವಸ್ಥೆಯನ್ನು ಬೆಳೆಸಿತು.

ವಾರಕ್ಕೊಬ್ಬರಂತೆ ಬಂದು ಮುದ್ದಿಸಿ ಮರಳುವವರಿಂದ ಮಗುವಿಗೆ ದಕ್ಕುವುದು ಮತ್ತೆ ಮತ್ತೆ ಅಗಲಿಕೆ. ಅನಾಥಾಲಯಗಳಲ್ಲಿನ ಸ್ವಯಂಸೇವೆಯಿಂದಾಗುವ ಹಾನಿ ತಡೆಯುವಂತೆ 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ರಾಷ್ಟ್ರಗಳಿಗೆ ಕರೆ ನೀಡಿತು. ಯಾತ್ರೆಗೆ ತೆರುವ ಹಣ ಹೆತ್ತವರ ಮನೆಗೇ ತಲುಪಿದರೆ, ಮಗು ಅನಾಥಾಲಯ ಸೇರಬೇಕಾದೀತೇ?