ತತ್ತ್ವನಿಷ್ಠೆಯೂ ತತ್ತ್ವದ ಹೇರಿಕೆಯೂ

ರಾಜಕಾರಣಕ್ಕಿಳಿದವನಿಗೆ ಒಂದು ತತ್ತ್ವವಿರಬೇಕು. ಅದಿಲ್ಲದ ರಾಜಕಾರಣ ಬರಿಯ ಅಧಿಕಾರದ ವ್ಯಾಪಾರ. ತಾನು ನಂಬಿದ್ದನ್ನು ವೇದಿಕೆಯ ಮೇಲೆ ಸಾರಿ, ಪತ್ರಿಕೆಯಲ್ಲಿ ಬರೆದು, ಮನೆಮನೆಗೆ ಹೋಗಿ ವಾದಿಸಿ ಜನರನ್ನು ಒಲಿಸಿಕೊಳ್ಳುವ ಹಕ್ಕು ಪ್ರತಿಯೊಂದು ಪಕ್ಷಕ್ಕೂ ಉಂಟು. ಇದಕ್ಕೆ ಪ್ರಚಾರವೆಂದು ಹೆಸರು. ಪ್ರಚಾರವನ್ನು ಕೇಳಿದವನು ತಲೆದೂಗಬಹುದು, ಎದ್ದುಹೋಗಬಹುದು, ಎದುರು ವಾದಿಸಲೂಬಹುದು. ಈ ಮೂರು ದಾರಿಗಳಲ್ಲಿ ಕೊನೆಯ ಎರಡು ಮುಚ್ಚಿದಾಗ ಪ್ರಚಾರವು ಹೇರಿಕೆಯಾಗುತ್ತದೆ. ಹೇರುವುದಕ್ಕೆ ಲಾಠಿ ಬಂದೂಕುಗಳೇ ಬೇಕೆಂದಿಲ್ಲ. ಎಲ್ಲರಿಗೂ ಸೇರಿದ ವಸ್ತುವಿನ ಮೇಲೆ ಒಂದು ಪಕ್ಷದ ಮುದ್ರೆಯನ್ನೊತ್ತಿದರೂ ಸಾಕು.

ಬೆಂಗಳೂರಿನ ಉತ್ತರ ಭಾಗದಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಯಲಹಂಕದಲ್ಲಿ ಕಟ್ಟಿದ ಮೇಲುಸೇತುವೆಗೆ ವಿನಾಯಕ ದಾಮೋದರ ಸಾವರ್ಕರರ ಹೆಸರಿಡಲು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2020ರಲ್ಲಿ ಮುಂದಾಯಿತು. ಸಾವರ್ಕರರ ಜನ್ಮದಿನವಾದ ಮೇ 28ರಂದು ನಡೆಯಬೇಕಾಗಿದ್ದ ಉದ್ಘಾಟನೆಯು ವಿರೋಧ ಪಕ್ಷಗಳ ಆಕ್ಷೇಪದ ನಡುವೆ ಮುಂದಕ್ಕೆ ಹೋಯಿತು. ಸೆಪ್ಟೆಂಬರ್ 8ರಂದು ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಅದೇ ಹೆಸರಿನಿಂದ ಸೇತುವೆಯನ್ನು ಉದ್ಘಾಟಿಸಿದರು. ಅಂಡಮಾನಿನ ಸೆರೆವಾಸವನ್ನು ಅನುಭವಿಸಿದ ದೇಶಭಕ್ತರಿಗೆ ಇದು ಸಲ್ಲತಕ್ಕ ಗೌರವವೆಂದು ಒಂದು ಕಡೆಯವರು ಹೇಳಿದರು. ಕನ್ನಡನಾಡಿನ ಹೋರಾಟಗಾರರನ್ನು ಬಿಟ್ಟು ಈ ಹೆಸರೇಕೆಂದು ಇನ್ನೊಂದು ಕಡೆಯವರು ಕೇಳಿದರು. ಸಾವರ್ಕರರ ಯೋಗ್ಯತೆಯನ್ನು ತೂಗುವುದು ಇಲ್ಲಿ ನಮ್ಮ ಕೆಲಸವಲ್ಲ. ನಾವು ಗಮನಿಸಬೇಕಾದ್ದು ಇಷ್ಟು: ಸೇತುವೆ ಎರಡು ಕಡೆಯವರ ತೆರಿಗೆಯ ಹಣದಿಂದಲೂ ಎದ್ದದ್ದು, ದಾರಿ ಹೇಳುವಾಗ ಇಬ್ಬರ ನಾಲಗೆಯೂ ಆ ಹೆಸರನ್ನೇ ನುಡಿಯಬೇಕು.

ಅದೇ ಯಲಹಂಕದಲ್ಲಿ ಇನ್ನೊಂದು ಹೆಸರುಂಟು. ಆ ಸೇತುವೆ ನಿಂತಿರುವ ರಸ್ತೆಗೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿದೆ. 2008ರ ನವೆಂಬರಿನಲ್ಲಿ ಮುಂಬಯಿಯ ತಾಜ್ ಹೋಟೆಲಿನಲ್ಲಿ ಭಯೋತ್ಪಾದಕರೊಡನೆ ಹೋರಾಡುತ್ತ ಪ್ರಾಣ ಕೊಟ್ಟ ಆ ಯೋಧರ ಮನೆ ಯಲಹಂಕದಲ್ಲಿಯೇ. ಅಲ್ಲಿ ಜನರ ಒಪ್ಪಿಗೆ ಮೊದಲೇ ಇತ್ತು, ಫಲಕ ಆಮೇಲೆ ಬಂತು. ಸೇತುವೆಯಲ್ಲಾದರೋ ಫಲಕ ಮೊದಲು ಬಂತು. ಒಪ್ಪಿಗೆ ಹಿಂದಿನಿಂದ ಬರಲೆಂದು ಬಯಸಲಾಯಿತು.

ಈ ಚಾಳಿ ಒಂದೇ ಪಕ್ಷಕ್ಕೆ ಅಂಟಿದ್ದೆಂದು ಯಾರೂ ಸಮಾಧಾನಪಟ್ಟುಕೊಳ್ಳುವಂತಿಲ್ಲ. 2015ರಲ್ಲಿ ಕಾಂಗ್ರೆಸ್ ಸರಕಾರವು ಟಿಪ್ಪು ಜಯಂತಿಯನ್ನು ಸರಕಾರಿ ಉತ್ಸವವನ್ನಾಗಿ ಮಾಡಿತು. ಟಿಪ್ಪುವಿನ ಕಾಲದ ಕಹಿನೆನಪು ಇನ್ನೂ ಆರದಿರುವ ಕೊಡಗಿನಲ್ಲಿಯೂ ಅದನ್ನು ಆಚರಿಸಲು ಹೊರಟಾಗ ಮಡಿಕೇರಿಯಲ್ಲಿ ಗಲಭೆಯಾಗಿ ಪ್ರಾಣಹಾನಿ ಸಂಭವಿಸಿತು. 2019ರಲ್ಲಿ ಬಂದ ಭಾರತೀಯ ಜನತಾ ಪಕ್ಷದ ಸರಕಾರವು ಆ ಆಚರಣೆಯನ್ನು ರದ್ದುಮಾಡಿತು. ಶಾಲೆಯ ಪಠ್ಯಪುಸ್ತಕದ ಕಥೆಯೂ ಇದೇ. 2022ರ ಪರಿಷ್ಕರಣೆಯಲ್ಲಿ ಹೆಡಗೇವಾರರ ಭಾಷಣವೊಂದು ಪಾಠವಾಗಿ ಒಳಬಂದಿತು. 2023ರಲ್ಲಿ ಸರಕಾರ ಬದಲಾಯಿತು, ಪಾಠವೂ ಹೊರಹೋಯಿತು. ಸೇತುವೆಯ ಹೆಸರನ್ನು ಒಪ್ಪದ ಪ್ರಯಾಣಿಕನಾದರೂ ಮನಸ್ಸಿನಲ್ಲಿ ಗೊಣಗಿಕೊಂಡು ಮುಂದೆ ಹೋದಾನು. ಪರೀಕ್ಷೆಗೆ ಉತ್ತರ ಬರೆಯಬೇಕಾದ ಮಗು ಏನು ಮಾಡೀತು? ಪಾಠವೆಂದರೆ ಗದ್ದುಗೆಯಲ್ಲಿರುವವರ ನುಡಿಯೆಂದು ಮಾತ್ರ ಅದು ಕಲಿಯುತ್ತದೆ.

ಹಾಗಾದರೆ ಕಾನೂನೆಲ್ಲವೂ ಹೇರಿಕೆಯೇ ಅಲ್ಲವೆ ಎಂದು ಕೇಳುವವರುಂಟು. ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸಿದಾಗ, ಅದನ್ನು ಆಚರಿಸುತ್ತಿದ್ದವರ ಅಪ್ಪಣೆ ಕೇಳಿತೆ? ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಒಬ್ಬನು ಇನ್ನೊಬ್ಬನಿಗೆ ಮಾಡುವ ಕೇಡನ್ನು ಅದು ತಡೆಯಿತು. ಕೇಡು ಮಾಡುವ ಕೈಯನ್ನು ಹಿಡಿಯುವುದು ರಾಜ್ಯದ ಧರ್ಮ. ಬಾಯಿಂದ ಜಯಕಾರ ಹೊರಡಿಸುವುದು ಅದರ ಧರ್ಮವಲ್ಲ. ಕೇರಳದ ಮೂವರು ಮಕ್ಕಳು ತಮ್ಮ ಮತಶ್ರದ್ಧೆಯ ಕಾರಣದಿಂದ ರಾಷ್ಟ್ರಗೀತೆಯನ್ನು ಹಾಡದೆ, ಆದರೆ ಗೌರವದಿಂದ ಎದ್ದುನಿಂತಿದ್ದಾಗ, ಅವರನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟು 1986ರಲ್ಲಿ ತೀರ್ಪಿತ್ತಿತು. ಆ ತೀರ್ಪಿನ ಹಿಂದಿರುವುದು ಈ ವಿವೇಕವೇ.

ಮಾತು ಒಳ್ಳೆಯದಾಗಿದ್ದರೆ ಹೇರಿದರೇನು ಎಂಬ ಪ್ರಶ್ನೆಯೊಂದು ಉಳಿಯುತ್ತದೆ. 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, 42ನೆಯ ತಿದ್ದುಪಡಿಯು ಸಂವಿಧಾನದ ಪ್ರಸ್ತಾವನೆಗೆ ‘ಸಮಾಜವಾದಿ’, ‘ಜಾತ್ಯತೀತ’ ಎಂಬ ಪದಗಳನ್ನು ಸೇರಿಸಿತು. ಆಗ ವಿರೋಧ ಪಕ್ಷಗಳ ಅನೇಕ ನಾಯಕರು ಸೆರೆಯಲ್ಲಿದ್ದರು. ಬೆಂಗಳೂರಿನ ಸೆರೆಮನೆಯಲ್ಲಿದ್ದವರಲ್ಲಿ ಎಲ್. ಕೆ. ಅಡ್ವಾಣಿಯವರೂ ಒಬ್ಬರು. ಉತ್ತರ ಕೊಡಬೇಕಾದವರನ್ನು ಕೂಡಿಹಾಕಿ ಆಡಿದ ಮಾತು ಎಷ್ಟು ಉದಾತ್ತವಾದರೂ ಅರ್ಧ ಮಾತೇ. ಮುಂದೆ ಜನತಾ ಸರಕಾರ ಬಂದು 1978ರ 44ನೆಯ ತಿದ್ದುಪಡಿಯಿಂದ ತುರ್ತುಪರಿಸ್ಥಿತಿಯ ಅನೇಕ ಏರ್ಪಾಡುಗಳನ್ನು ಅಳಿಸಿತು. ಈ ಎರಡು ಪದಗಳನ್ನು ಮಾತ್ರ ಹಾಗೆಯೇ ಉಳಿಸಿತು. ತೆಗೆಯಬಲ್ಲವರು ತೆಗೆಯದೆ ಬಿಟ್ಟ ದಿನ ಆ ಮಾತಿನ ಉಳಿದರ್ಧ ತುಂಬಿತು. ಆ ಪದಗಳಿಗೆ ಇಂದಿರುವ ಬಲ ಬಂದದ್ದು ಸೇರಿಸಿದವರಿಂದಲ್ಲ, ಉಳಿಸಿದವರಿಂದ ಎಂದು ನಮ್ಮ ಅಭಿಪ್ರಾಯ.

ಬಹುಮತವು ಆಳುವ ಹಕ್ಕನ್ನು ಕೊಡುತ್ತದೆ; ಎಲ್ಲರ ಪರವಾಗಿ ನಂಬುವ ಹಕ್ಕನ್ನು ಕೊಡುವುದಿಲ್ಲ. ಆದ್ದರಿಂದ ರಸ್ತೆ ಸೇತುವೆಗಳಿಗೆ ಹೆಸರಿಡುವ ಮುನ್ನ ಆ ಬಡಾವಣೆಯ ಜನರನ್ನು ಕರೆದು ಕೇಳಲಿ. ವಿರೋಧ ಪಕ್ಷದವರೂ ಕೂಡಿ ಒಪ್ಪುವ ಹೆಸರನ್ನೇ ಇಡಲಿ. ಪಠ್ಯಪುಸ್ತಕದ ಹೊಣೆಯು ಮಂತ್ರಿಮಂಡಲದೊಡನೆ ಬದಲಾಗದ ವಿದ್ವಾಂಸರ ಮಂಡಲಿಗೆ ಸೇರಲಿ. ಇವು ಕಷ್ಟದ ಏರ್ಪಾಡುಗಳಲ್ಲ. ಇವಕ್ಕಿಂತ ಮೊದಲು, ನಿರ್ಣಯಕ್ಕೆ ಕೈಯೆತ್ತುವ ಪ್ರತಿಯೊಬ್ಬ ಸದಸ್ಯನೂ ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ನಾಳೆ ಎದುರಾಳಿಯು ಇದೇ ಅಧಿಕಾರದಿಂದ, ಇದೇ ರೀತಿಯಲ್ಲಿ, ತನ್ನವರ ಹೆಸರನ್ನು ನನ್ನ ಮಕ್ಕಳ ಬಾಯಲ್ಲಿಟ್ಟರೆ ನಾನು ಸುಮ್ಮನಿರುವೆನೆ? ಇಲ್ಲವೆಂದಾದರೆ ಎತ್ತಿದ ಕೈಯನ್ನು ಇಳಿಸುವುದೇ ಲೇಸು.