ಮಾತ್ರೆ ಒಬ್ಬರಿಗೆ, ತಿಳುವಳಿಕೆ ಮನೆಮಂದಿಗೆಲ್ಲಾ



ಲೈನಿನಲ್ಲಿ ಯಾರಿಗಾದರೂ ಲಕ್ವ ಹೊಡೆದರೆ ಮೂರು ಮಾತು ಕೇಳಿಬರುತ್ತವೆ: ಗಾಳಿ ಸೋಕಿದೆ, ಹಣೆಬರಹ, ಬೆಳಗಾಗಲಿ ನೋಡೋಣ. ಮೂರನೆಯ ಮಾತೇ ಹೆಚ್ಚು ಕೇಡು ಮಾಡುತ್ತದೆ. ಲಕ್ವ ಗಾಳಿಯಿಂದ ಬರುವುದಲ್ಲ. ಮಿದುಳಿನ ರಕ್ತನಾಳ ಕಟ್ಟಿಕೊಂಡರೆ ಇಲ್ಲವೇ ಒಡೆದರೆ ಬರುತ್ತದೆ. ತಡವಾದ ಪ್ರತಿ ನಿಮಿಷವೂ ಮಿದುಳಿಗೆ ನಷ್ಟ.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ಬಡಿತ ಏರುಪೇರು ಇದ್ದವರಿಗೆ, ಬೀಡಿ ಸೇದುವವರಿಗೆ, ಒಮ್ಮೆ ಲಕ್ವ ಬಂದು ಹೋದವರಿಗೆ ಅಪಾಯ ಹೆಚ್ಚು. ಇಂಥವರಿಗೆ ಮಾತ್ರೆ ಕೊಡುತ್ತಾರೆ. ಏತಕ್ಕೆಂದು ಕೂತು ಹೇಳುವವರು ಕಡಿಮೆ. ಆದುದರಿಂದಲೇ "ತಲೆಸುತ್ತು ನಿಂತಿತು, ಮಾತ್ರೆ ಸಾಕು" ಎಂದು ಬಿಡುತ್ತಾರೆ. ರಕ್ತದೊತ್ತಡಕ್ಕೆ ನೋವಿಲ್ಲ. 140/90 ದಾಟಿದರೂ ಎಲೆ ಕೊಯ್ಯುವ ಕೈಗೆ ಗೊತ್ತಾಗದು. ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬಾರದು. ಉಪ್ಪಿನಕಾಯಿ, ಒಣಮೀನು ಕಡಿಮೆಯಾಗಬೇಕು; ಬೀಡಿ, ಸಾರಾಯಿ ಬಿಡಬೇಕು.

ಆದರೆ ರೋಗಿಯೊಬ್ಬನಿಗೆ ಹೇಳಿದರೆ ಸಾಲದು ಎಂಬುದೇ ನನ್ನ ವಾದ. ಲಕ್ವ ಹೊಡೆದಾಗ ಅವನ ಮಾತೇ ಬಿದ್ದುಹೋಗಬಹುದು. ಗುರುತಿಸಬೇಕಾದವರು ಹೆಂಡತಿ, ಮಕ್ಕಳು, ಪಕ್ಕದ ಸಾಲಿನಲ್ಲಿ ಕೊಯ್ಯುವವರು. ನಗಲು ಹೇಳಿ: ಬಾಯಿ ಒಂದು ಕಡೆಗೆ ವಾಲುತ್ತದೆಯೇ? ಎರಡೂ ಕೈ ಎತ್ತಿಸಿ: ಒಂದು ಜಾರುತ್ತದೆಯೇ? ಮಾತಾಡಿಸಿ: ತೊದಲುತ್ತದೆಯೇ? ಕಣ್ಣು ಥಟ್ಟನೆ ಮಂಜಾಗುವುದು, ನಡಿಗೆ ತೂಕ ತಪ್ಪುವುದೂ ಗುರುತುಗಳೇ. ಹತ್ತು ನಿಮಿಷದಲ್ಲಿ ಸರಿಹೋದರೂ ಸುಮ್ಮನಿರಬೇಡಿ. ಅದು ದೊಡ್ಡ ಹೊಡೆತದ ಮುನ್ಸೂಚನೆ ಆಗಿರಬಹುದು.

ಕೂಡಲೇ 108ಕ್ಕೆ ಫೋನು ಮಾಡಿ. ಶುರುವಾದ ಗಂಟೆ ಬರೆದಿಡಿ. ಕಾಫಿ, ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ, ನೆತ್ತಿಗೇರಬಹುದು. ಪಾರಿವಾಳದ ರಕ್ತ ತಿಕ್ಕುತ್ತಾ ಕೂರಬೇಡಿ. ಪ್ರಾರ್ಥನೆಯನ್ನು ಜೀಪಿನಲ್ಲೂ ಮಾಡಬಹುದು. ರಕ್ತ ಹೆಪ್ಪುಗಟ್ಟಿ ಬಂದ ಲಕ್ವವಾದರೆ ಅದನ್ನು ಕರಗಿಸುವ ಇಂಜೆಕ್ಷನ್ ಉಂಟು. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ತಲೆಯ ಸ್ಕ್ಯಾನ್ ಮಾಡಿದ ಮೇಲೆಯೇ ಕೊಡಬೇಕು. ಗೂಡಲೂರಿನಿಂದ ಊಟಿಗೆ ಸುಮಾರು 50 ಕಿಲೋಮೀಟರು ಘಾಟಿ ದಾರಿ. ರಾತ್ರಿ ಆನೆ ಭಯ ಬೇರೆ. ಸ್ಕ್ಯಾನ್ ಇರುವ ಆಸ್ಪತ್ರೆ ಹತ್ತಿರದಲ್ಲಿ ಎಲ್ಲಿದೆ ಎಂದು ಇಂದೇ ಕೇಳಿಟ್ಟುಕೊಳ್ಳಿ.

ಇದು ಮನೆಯವರ ಹೊಣೆ ಮಾತ್ರವಲ್ಲ. ತೋಟದ ಕೆಲಸಗಾರರ ವೈದ್ಯ ಸೌಲಭ್ಯದ ಭಾರವನ್ನು 1951ರ ಕಾಯಿದೆಯೇ ಮಾಲೀಕರ ಮೇಲೆ ಹೊರಿಸಿತು. ತಮಿಳುನಾಡು ಸರ್ಕಾರ 2021ರ ಆಗಸ್ಟಿನಲ್ಲಿ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಿಂದ ಮೊದಲುಮಾಡಿ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮನೆಬಾಗಿಲಿಗೆ ಕಳಿಸಿತು. ಮನೆಬಾಗಿಲಿಗೆ ಸರ್ಕಾರ ಬರಬಹುದಾದರೆ ಮಸ್ಟರಿಗೆ ಡಿಸ್ಪೆನ್ಸರಿ ಬರಲಾರದೇ?

ಕೊಯ್ದ ಎಲೆಯನ್ನು ದಿನದಿನವೂ ತೂಗುತ್ತಾರೆ. ಕೊಯ್ದವರ ರಕ್ತದೊತ್ತಡವನ್ನು ತಿಂಗಳಿಗೊಮ್ಮೆ ಅಳೆಯಲಿ, ಆ ಹೊತ್ತಿನ ಕೂಲಿ ಮುರಿಯದಿರಲಿ. ಅಪಾಯ ಇರುವವರ ಮನೆಯವರನ್ನು ಕರೆದು ನಮ್ಮ ಭಾಷೆಯಲ್ಲಿ ಹೇಳಲಿ. ರಾತ್ರಿಗೊಂದು ವಾಹನ ಸಿದ್ಧವಿರಲಿ. ಮುಂದಿನ ಸಂಘದ ಸಭೆಯಲ್ಲಿ ಬೋನಸ್ಸಿನ ಜೊತೆಗೆ ಇದನ್ನೂ ಎತ್ತೋಣ. ದುಡಿಯುವ ಕೈ ಬಿದ್ದುಹೋದ ಮೇಲೆ ಬೋನಸ್ಸು ಎಷ್ಟು ದಿನ ಬಂದೀತು?