ಕಿಲೋವ್ಯಾಟ್ ಬೇರೆ, ಯೂನಿಟ್ ಬೇರೆ ಕಣಮ್ಮ

ನಮ್ಮ ಚಿಕ್ಕಮ್ಮ ಊರು ಬಿಟ್ಟು ಬೆಂಗಳೂರಿನ ಶ್ರೀನಗರದಲ್ಲಿ ಬಾಡಿಗೆ ಮನೆ ಮಾಡಿ ಎಂಟು ವರ್ಷ ಆಯ್ತು. 2025ರ ಬೇಸಿಗೆಯಲ್ಲಿ ಅವರ ಮನೆಗೆ ಹೋದಾಗ ಕರೆಂಟ್ ಬಿಲ್ ಕೈಗೆ ಕೊಟ್ಟರು. "ಯಾವಾಗ್ಲೂ ಸೊನ್ನೆ ಬರ್ತಿತ್ತು ಕಣೋ ಮಗಾ. ಈ ಸಲ ನಾಲ್ಕು ಯೂನಿಟ್ ಜಾಸ್ತಿ ಆಗಿದ್ದಕ್ಕೆ ಸಾವಿರದ ಎಂಟುನೂರು ಹತ್ರ ಬಂದೈತೆ. ಏನೋ ಮೋಸ ಐತೆ."

ಮೋಸ ಇರಲಿಲ್ಲ. ಮೀಟರ್ 204 ಯೂನಿಟ್ ತೋರಿಸಿತ್ತು. ಗೃಹಜ್ಯೋತಿಯಲ್ಲಿ 200 ದಾಟಿದರೆ ನಾಲ್ಕು ಯೂನಿಟ್‌ಗಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಯೂನಿಟ್‌ಗೆ 5.80 ರೂಪಾಯಿಯಂತೆ 1,183 ರೂಪಾಯಿ ಅಲ್ಲೇ ಆಯ್ತು. ಅದರ ಮೇಲೆ 9 ಪರ್ಸೆಂಟ್ ತೆರಿಗೆ.

ಚಿಕ್ಕಮ್ಮ ಬೆರಳಿಟ್ಟು ಕೇಳಿದ್ದು ಇನ್ನೊಂದು ಸಾಲನ್ನು. 435 ರೂಪಾಯಿ. ಇದು ಸ್ಯಾಂಕ್ಷನ್ ಲೋಡ್ ಮೇಲಿನ ನಿಗದಿತ ಶುಲ್ಕ. ಒಂದೇ ಸಲಕ್ಕೆ ಎಷ್ಟು ಕರೆಂಟ್ ಎಳೆಯಲು ಮನೆಗೆ ಅನುಮತಿ ಇದೆ ಅನ್ನೋದೇ ಲೋಡ್, ಅದರ ಅಳತೆ ಕಿಲೋವ್ಯಾಟ್. ಎಷ್ಟು ಹೊತ್ತು ಎಳೆದಿರಿ ಅನ್ನೋದು ಸೇರಿದರೆ ಯೂನಿಟ್. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಪೈಪ್ ಎಷ್ಟು ಇಂಚಿನದು ಅನ್ನೋದು ಕಿಲೋವ್ಯಾಟ್, ತೊಟ್ಟಿಗೆ ಎಷ್ಟು ನೀರು ಬಿತ್ತು ಅನ್ನೋದು ಯೂನಿಟ್. 2,000 ವ್ಯಾಟ್ ಗೀಸರ್ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್. 9 ವ್ಯಾಟ್ ಬಲ್ಬ್ ಒಂದು ಯೂನಿಟ್ ಸುಡಲು ನೂರಾ ಹನ್ನೊಂದು ಗಂಟೆ ಬೇಕು.

2025ರ ಏಪ್ರಿಲ್‌ನಲ್ಲಿ ಮನೆಗಳಿಗೆ ಒಂದು ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ಆಗಿತ್ತು. ಓನರ್ ಯಾವತ್ತೋ 3 ಕಿಲೋವ್ಯಾಟ್ ಬರೆಸಿದ್ದಾರೆ. ಚಿಕ್ಕಮ್ಮನ ಮನೆಯಲ್ಲಿ ಗೀಸರ್ ಇಲ್ಲ, ಎಸಿಯಂತೂ ಇಲ್ಲವೇ ಇಲ್ಲ.

ಅದೇ ಏಪ್ರಿಲ್‌ನಲ್ಲಿ ಯೂನಿಟ್‌ಗೆ 36 ಪೈಸೆ ಇನ್ನೊಂದು ಸಾಲೂ ಸೇರಿತ್ತು. ಬಾಯಿಮಾತಲ್ಲಿ ಪಿ ಅಂಡ್ ಜಿ ಅಂತಾರೆ. ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿ ದುಡ್ಡು ಅದು. ಸರಿಯೋ ತಪ್ಪೋ ಆಮೇಲಿನ ಮಾತು. ಎರಡು ಅಕ್ಷರದ ಹಿಂದೆ ಅದನ್ನು ಅಡಗಿಸಿಟ್ಟರೆ ಜನ ಜಗಳ ಆಡೋದಾದರೂ ಹೇಗೆ? ದರ ಏರಿಸುವ ಮುಂಚೆ ವಿದ್ಯುತ್ ನಿಯಂತ್ರಣ ಆಯೋಗ ಜನರ ಆಕ್ಷೇಪಣೆ ಕೇಳುತ್ತದೆ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಬಿಲ್ಲೇ ಅರ್ಥ ಆಗದವರು ಅಲ್ಲಿಗೆ ಹೋಗಿ ಏನು ಮಾತಾಡ್ತಾರೆ?

ಹಳ್ಳಿಯವರಿಗೆ ಕರೆಂಟ್ ಗೊತ್ತಿಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. ತ್ರೀ ಫೇಸ್ ಎಷ್ಟೊತ್ತಿಗೆ ಬರುತ್ತೆ, ಟಿಸಿಯಲ್ಲಿ ಯಾವ ಫ್ಯೂಸ್ ಹೋಗಿದೆ ಅಂತ ನಮ್ಮೂರ ಹುಡುಗರು ಕತ್ತಲಲ್ಲೂ ಹೇಳ್ತಾರೆ. ಆದರೆ ಲೋಡ್ ಲೆಕ್ಕದಲ್ಲಿ ನಾವೂ ಎಡವುತ್ತೇವೆ. ಕಾಗದದಲ್ಲಿ 5 ಎಚ್‌ಪಿ, ಬೋರ್ ಒಳಗೆ ಏಳೂವರೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಹತ್ತು ಜನ ಹೀಗೆ ಮಾಡಿದರೆ ಟಿಸಿ ಮೇಲೆ ಸುಮಾರು 19 ಕಿಲೋವ್ಯಾಟ್ ಜಾಸ್ತಿ ಬಿತ್ತು. ಟಿಸಿ ಸುಟ್ಟ ದಿನ ಬೈಸಿಕೊಳ್ಳೋದು ಲೈನ್‌ಮನ್.

ಬಿಲ್ಲಿನ ಹಿಂಭಾಗದಲ್ಲಿ ಈ ನಾಲ್ಕೈದು ಪದಗಳನ್ನು ಆಡುಮಾತಿನ ಕನ್ನಡದಲ್ಲಿ, ಒಂದೊಂದು ಲೆಕ್ಕದ ಸಮೇತ ಅಚ್ಚು ಹಾಕಲಿ. ಅದಕ್ಕೇನೂ ಹೊಸ ಯೋಜನೆ ಬೇಕಿಲ್ಲ.

ಲೋಡ್ ಕಡಿಮೆ ಮಾಡಿಸಲು ಅರ್ಜಿ ಹಾಕಬಹುದು, ಆದರೆ ಮೀಟರ್ ಓನರ್ ಹೆಸರಲ್ಲಿದೆ. ಚಿಕ್ಕಮ್ಮ ಮೇಲಿನ ಮನೆಗೆ ಹತ್ತಿ ಹೋಗಿ ಕೇಳಿ ಬಂದರು. "ನೋಡೋಣ" ಅಂದರಂತೆ.